ಕಾರ್ ಶೆಡ್ಡಿಗೆ ಎಷ್ಟು ಟನ್ ಎ.ಸಿ. ಬೇಕು?

‘ಅಕ್ಕಾ, ಒಂದ ಅಂಗಡಿಯಾಂವ ಎರಡ ಟನ್ ತಗೋರಿ ಅಂತಾನ, ಇನ್ನೊಬ್ಬಾಂವ ಒಂದ ಟನ್ ಸಾಕ್ರಿ ಅಂತಾನ. ಯಾರ ಮಾತ ಕೇಳ್ಲಿ?’

ತುಳಸಿಗೇರಿಯಿಂದ ತಂಗಿಯ ಫೋನು. ಬಾಗಲಕೋಟೆ ಜಿಲ್ಲೆಯ ಈ ಊರನ್ನು ಹನುಮಪ್ಪನ ಗುಡಿಯಿಂದಲೇ ಬಲ್ಲವರು ಹೆಚ್ಚು. ಅಲ್ಲಿ ತಂಗಿಯ ಮನೆಗೆ ಅಂಟಿಕೊಂಡು ಒಂದು ಕಾರ್ ಶೆಡ್ ಇದೆ. ಕಾರು ಮಾರಿದ ಮೇಲೆ ಅದೇ ಅವಳ ಹೊಲಿಗೆ ಕೋಣೆ. ಇಳಕಲ್ ಸೀರೆಗೆ ಫಾಲ್ ಹಚ್ಚುವುದು, ಸೆರಗಿಗೆ ಕುಚ್ಚು ಕಟ್ಟುವುದು, ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುವುದು ಎಲ್ಲ ಅಲ್ಲೇ. ಮಕ್ಕಳ ಫೀಸಿನ ಅರ್ಧ ಅಲ್ಲಿಂದಲೇ ಹುಟ್ಟುತ್ತದೆ.

ಆದರೆ ಏಪ್ರಿಲ್-ಮೇ ಬಂತೆಂದರೆ ಹೊರಗೆ 40 ಡಿಗ್ರಿ ಆಸುಪಾಸು ಬಿಸಿಲು, ತಲೆಯ ಮೇಲೆ ಪತ್ರಾಸ್. ಮಧ್ಯಾಹ್ನ ಶೆಡ್ಡು ಕಾದ ಹಂಚು! ಹೋದ ಬೇಸಿಗೆಯಲ್ಲಿ ಬೆವರಿನ ಕೈ ತಾಗಿ ಗಿರಾಕಿಯೊಬ್ಬರ ರೇಷ್ಮೆ ಸೆರಗಿಗೆ ಕಲೆ ಬಿತ್ತು. ಹೊಸ ಸೀರೆ ಕೊಡಿಸಬೇಕಾಯಿತು. ಅದು ಮದುವೆ ಸೀಜನ್ ಬೇರೆ, ಕೆಲಸ ಬಿಟ್ಟು ಕೂರುವಂತಿಲ್ಲ. ಅದಕ್ಕೇ ಈ ಎ.ಸಿ. ಯೋಚನೆ.

ನಿಮ್ಮ ಮನೆಯ ಶೆಡ್ಡನ್ನೂ ಟ್ಯೂಷನ್ನಿಗೋ, ಹೊಲಿಗೆಗೋ, ಬ್ಯೂಟಿ ಪಾರ್ಲರಿಗೋ ಬಳಸುತ್ತಿದ್ದೀರಾ? ಹಾಗಿದ್ದರೆ ಅಂಗಡಿಗೆ ಹೋಗುವ ಮೊದಲು ಇಷ್ಟು ತಿಳಿದುಕೊಳ್ಳಿ.

ಟನ್ ಅಂದರೆ ತೂಕವಲ್ಲ

ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ, ಅಷ್ಟು ಶಾಖವನ್ನು ಹೊರಹಾಕುವ ಶಕ್ತಿಯೇ ಒಂದು ಟನ್. ಲೆಕ್ಕದಲ್ಲಿ ಹೇಳುವುದಾದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3,500 ವ್ಯಾಟ್. ಒಂದೂವರೆ ಟನ್ ಎಂದು ಮಾರುವ ಎಲ್ಲ ಎ.ಸಿ.ಗಳ ಶಕ್ತಿ ಒಂದೇ ಇರುವುದಿಲ್ಲ. ಆದ್ದರಿಂದ ಟನ್ ಜೊತೆಗೆ ತಂಪಾಗಿಸುವ ಶಕ್ತಿ ಎಷ್ಟು ವ್ಯಾಟ್ ಎಂಬುದನ್ನೂ ನೋಡಿ.

ಮೊದಲು ಟೇಪ್ ಹಿಡಿಯಿರಿ

ಉದ್ದ, ಅಗಲ ಗುಣಿಸಿ. ಸಾಮಾನ್ಯ ಎತ್ತರದ, ಆರ್‌ಸಿಸಿ ಛಾವಣಿಯ ಕೋಣೆಗೆ ರೂಢಿಯ ಲೆಕ್ಕ ಹೀಗಿದೆ:

* 120 ಚದರಡಿವರೆಗೆ: 1 ಟನ್
* 120ರಿಂದ 180 ಚದರಡಿ: ಒಂದೂವರೆ ಟನ್
* 180ರಿಂದ 250 ಚದರಡಿ: 2 ಟನ್

ತಂಗಿಯ ಶೆಡ್ಡು 10 ಅಡಿ ಅಗಲ, 15 ಅಡಿ ಉದ್ದ. 150 ಚದರಡಿ. ಅಂದರೆ ಒಂದೂವರೆ ಟನ್. ಹಾಗಾದರೆ ಅಂಗಡಿಯವರಿಬ್ಬರೂ ತಪ್ಪೇ? ಪೂರ್ತಿ ತಪ್ಪಲ್ಲ. ಆದರೆ ಇಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ: ‘ಮೇಲೆ ಏನೈತಿ?’

ಶೆಡ್ಡು, ಕೋಣೆಯಂತಲ್ಲ

ಮಲಗುವ ಕೋಣೆಗೆ ಸುತ್ತ ಬೇರೆ ಕೋಣೆಗಳ ನೆರಳಿರುತ್ತದೆ. ಶೆಡ್ಡಿಗೆ ಮೂರು ಕಡೆ ಬಿಸಿಲು, ಮೇಲೆ ತೆಳುವಾದ ತಗಡು, ಮುಂದೆ ಕಬ್ಬಿಣದ ಶಟರ್. ಅದರ ಸಂದಿಯಲ್ಲಿ ಬಿಸಿಗಾಳಿ ನುಗ್ಗುತ್ತಲೇ ಇರುತ್ತದೆ. ಶಟರ್ ಪಡುವಣಕ್ಕಿದ್ದರಂತೂ ಮೂರು ಗಂಟೆಯ ಮೇಲೆ ಕೇಳುವುದೇ ಬೇಡ. ಇಂಥ ಕಡೆ ಹಾಗೇ ಎ.ಸಿ. ಕೂರಿಸಿದರೆ ರೂಢಿಯ ಲೆಕ್ಕಕ್ಕಿಂತ ಅರ್ಧ ಟನ್ ಹೆಚ್ಚೇ ಬೇಕಾದೀತು.

ಇಸ್ತ್ರಿ ಪೆಟ್ಟಿಗೆಯನ್ನೂ ಮರೆಯಬೇಡಿ. 1,000 ವ್ಯಾಟಿನ ಇಸ್ತ್ರಿ ಕಾಯುವಾಗ ಕಾಲು ಟನ್ನಿಗಿಂತ ಹೆಚ್ಚಿನ ತಂಪನ್ನು ಅದೊಂದೇ ನುಂಗುತ್ತದೆ. ಇಸ್ತ್ರಿ ಕೆಲಸವನ್ನು ಬೆಳಗಿನ ಹೊತ್ತು, ಎ.ಸಿ. ಹಾಕುವ ಮೊದಲೇ ಮುಗಿಸಿ.

ದೊಡ್ಡದೇ ತಂದರೇನು?

ಸಣ್ಣದು ತಂದರೆ ಅದು ಬಿಡುವಿಲ್ಲದೆ ಓಡಿದರೂ ಕೋಣೆ ತಣ್ಣಗಾಗದು. ಬಿಲ್ಲೂ ಬರುತ್ತದೆ, ಬೆವರೂ ನಿಲ್ಲದು. ಬೇಕಾದ್ದಕ್ಕಿಂತ ದೊಡ್ಡದಾದರೆ ಬೇಗ ತಣಿಸಿ ಬೇಗ ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಸರಿಯಾಗಿ ಹೋಗದೆ ಅಂಟಂಟು ಉಳಿಯುತ್ತದೆ. ಇನ್ವರ್ಟರ್ ಎ.ಸಿ. ತನ್ನ ವೇಗ ತಗ್ಗಿಸಿಕೊಳ್ಳುತ್ತದೆ ನಿಜ, ಆದರೂ ಖರೀದಿಯ ಹಣ ದಂಡ ತಾನೇ?

ಮೊದಲ ಖರ್ಚು ಛಾವಣಿಗೆ

ಆದ್ದರಿಂದ ತಂಗಿಗೆ ನಾನು ಹೇಳಿದ್ದು ಇಷ್ಟೇ: ‘ಎರಡು ಟನ್ನಿಗೆ ಕೊಡೋ ಹೆಚ್ಚಿನ ರೊಕ್ಕಾನ ಮೊದಲ ಮಾಳಿಗಿಗೆ ಹಾಕು.’

* ತಗಡಿನ ಮೇಲೆ ಬಿಸಿಲು ಹಿಂದೆ ತಳ್ಳುವ ಬಿಳಿ ಬಣ್ಣ ಬಳಿಸಿ.
* ಒಳಗೆ ಜಿಪ್ಸಂ ಬೋರ್ಡಿನ ಫಾಲ್ಸ್ ಸೀಲಿಂಗ್ ಮಾಡಿಸಿ. ಬರೀ ಥರ್ಮಾಕೋಲ್ ಬೇಡ, ಬೇಗ ಬೆಂಕಿ ಹಿಡಿಯುತ್ತದೆ.
* ಶಟರಿನ ಒಳಬದಿಗೆ ದಪ್ಪ ಪರದೆ, ಸಂದಿಗಳಿಗೆ ರಬ್ಬರ್ ಪಟ್ಟಿ ಹಾಕಿ.

ಇಷ್ಟು ಮಾಡಿದ ಮೇಲೆ 150 ಚದರಡಿಗೆ ಒಂದೂವರೆ ಟನ್ ಧಾರಾಳ. ಎ.ಸಿ. ತರುವುದು ತಡವಾದರೂ ಚಿಂತೆಯಿಲ್ಲ, ಫ್ಯಾನಿನ ಗಾಳಿಯೂ ಮೊದಲಿನಷ್ಟು ಸುಡುವುದಿಲ್ಲ.

ಬಿಲ್ಲಿನ ಲೆಕ್ಕ ತಪ್ಪಬೇಡಿ

ಎ.ಸಿ. ಮೇಲಿನ ಸ್ಟಾರ್ ಲೇಬಲ್ಲಿನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದು 1,600 ಗಂಟೆಯ ಲೆಕ್ಕ. ಆ ಸಂಖ್ಯೆಯನ್ನು 1,600ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಎಂದು ಸಿಗುತ್ತದೆ. ನಮ್ಮ ಕಡೆಯ ಬಿರುಬಿಸಿಲಿಗೆ, ಅದೂ ಶೆಡ್ಡಿಗೆ, ಅದಕ್ಕಿಂತ ಹೆಚ್ಚೇ ಹಿಡಿಯಿರಿ. ಒಂದೂವರೆ ಟನ್ನಿಗೆ ಗಂಟೆಗೆ ಒಂದು ಯೂನಿಟ್ ಎಂದುಕೊಳ್ಳೋಣ.

ತಂಗಿಯ ಮನೆಯ ಬಳಕೆ ತಿಂಗಳಿಗೆ 70 ಯೂನಿಟ್. ದಿನಕ್ಕೆ ಐದು ಗಂಟೆ ಎ.ಸಿ. ಹಾಕಿದರೆ ಇನ್ನೂ 150. ಒಟ್ಟು 220! 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ಅದೇ ನಾಲ್ಕು ಗಂಟೆಗೆ ನಿಲ್ಲಿಸಿದರೆ 190. ಆಗ ನಿಮಗೆ ಗೊತ್ತುಪಡಿಸಿದ ಉಚಿತ ಮಿತಿಯ ಮೇಲಿನ ಯೂನಿಟ್ಟಿಗೆ ಮಾತ್ರ ಹಣ. ಒಂದೇ ಗಂಟೆಯ ವ್ಯತ್ಯಾಸ ನೋಡಿ! ಇನ್ನೊಂದು ಮಾತು, ಈ ಯೋಜನೆ ಮನೆ ಬಳಕೆಗಷ್ಟೇ. ಶೆಡ್ಡಿನಲ್ಲಿ ದುಡಿಮೆ ನಡೆಸುವುದಿದ್ದರೆ ಹೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಕೈಯಲ್ಲಿ ಅಷ್ಟು ಹಣವಿಲ್ಲವೇ? ನಮ್ಮ ಒಣಬೇಸಿಗೆಗೆ ಕೂಲರ್ ಚೆನ್ನಾಗಿಯೇ ಒಪ್ಪುತ್ತದೆ. 200 ವ್ಯಾಟಿನ ಕೂಲರ್ ಐದು ಗಂಟೆ ಓಡಿದರೆ ಒಂದೇ ಯೂನಿಟ್. ಆದರೆ ಕಿಟಕಿ ತೆರೆದಿರಬೇಕು, ಮಳೆಗಾಲಕ್ಕೆ ಅದು ಉಪಯೋಗವಿಲ್ಲ.

ಇವಿಷ್ಟು ನೆನಪಿಡಿ

* ಎ.ಸಿ. ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಸ್ಕೂಟರನ್ನಾಗಲೀ ಕಾರನ್ನಾಗಲೀ ಅರೆಗಳಿಗೆಯೂ ಚಾಲೂ ಮಾಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವಕ್ಕೇ ಅಪಾಯ. ಪೆಟ್ರೋಲ್ ಡಬ್ಬಿಯನ್ನೂ ಒಳಗಿಡಬೇಡಿ.
* ಎ.ಸಿ.ಗೆ ಬೇರೆಯೇ ಲೈನ್, ಎಂಸಿಬಿ, ಸರಿಯಾದ ಅರ್ಥಿಂಗ್ ಇರಲಿ. ಬಲ್ಬಿನ ಲೈನಿನಿಂದ ಎಳೆಯಬೇಡಿ.
* ಹೊರಗಿನ ಯೂನಿಟ್ ನೆರಳಲ್ಲಿ, ಗಾಳಿಯಾಡುವ ಕಡೆ ಇರಲಿ.
* ಬಟ್ಟೆಯ ನೂಲು, ಧೂಳು ಫಿಲ್ಟರಿಗೆ ಅಂಟುತ್ತದೆ. ಹದಿನೈದು ದಿನಕ್ಕೊಮ್ಮೆ ತೊಳೆಯಿರಿ.
* 18 ಡಿಗ್ರಿ ಬೇಡ. 26ರಲ್ಲಿಟ್ಟು ಮೆಲ್ಲಗೆ ಫ್ಯಾನ್ ಹಾಕಿ. ಕೈ ಬೆವರದಿದ್ದರೆ ಸಾಕಲ್ಲವೇ?

ತಂಗಿ ಈಗ ಪೇಂಟರನ್ನು ಕರೆಸಿದ್ದಾಳೆ. ‘ಮಾಳಿಗಿ ಮುಗೀಲಿ ಅಕ್ಕಾ, ಆಮ್ಯಾಲ ಒಂದೂವರಿ ಟನ್’ ಅಂದಳು. ನೀವೂ ಅಂಗಡಿಯವರನ್ನು ಟನ್ ಕೇಳುವ ಮೊದಲು, ಒಮ್ಮೆ ತಲೆಯೆತ್ತಿ ನಿಮ್ಮ ಶೆಡ್ಡಿನ ಛಾವಣಿ ನೋಡಿ.