ಬಾವಿಯನ್ನು ಕೇಳಿ ಬಿತ್ತಿದೆವು

ಶಿವರಾತ್ರಿ ಸಮೀಪಿಸಿತೆಂದರೆ ಮುಂಬಯಿಯಲ್ಲಿ ನಾವು ಹೊದಿಕೆ ಮಡಚಿಡುತ್ತೇವೆ. ಕುಂದಾಪುರದ ಕಡೆಯ ನಮ್ಮ ಊರಿನಲ್ಲಿ ಅಣ್ಣ ಹಾರೆ ಹೊರತೆಗೆಯುತ್ತಾರೆ. ಕಾರ್ತಿ ಬೆಳೆಯ ಕೊಯ್ಲಾಗಿ, ಅದರ ಹಿಂದೆಯೇ ಬಿತ್ತಿದ ಉದ್ದನ್ನೂ ಕಿತ್ತ ಮೇಲೆ ಮನೆಯೆದುರಿನ 20 ಗುಂಟೆ ಗದ್ದೆ ಬರಿದಾಗುತ್ತದೆ. ಅಲ್ಲಿಂದ ಮಳೆಗಾಲ ಹಿಡಿಯುವವರೆಗೆ ಅದು ತರಕಾರಿಯ ಗದ್ದೆ. ಸೌತೆ, ಬೆಂಡೆ, ಅಲಸಂಡೆ, ಹರಿವೆ ಇವು ನಮ್ಮ ಮನೆಯ ಹಳೆಯ ನೆಂಟರು.

ಈ ಸಲ ಮಾತ್ರ ಅಣ್ಣ ಫೋನಿನಲ್ಲಿ ಬೇರೆಯೇ ಮಾತು ಎತ್ತಿದರು. "ಈ ವರ್ಷ ಗದ್ದೆ ಹಡಿಲು ಬಿಟ್ರೆ ಹ್ಯಾಂಗೆ?" ಎಂದರು. ಬಿತ್ತದೆ ಬಿಟ್ಟ ಗದ್ದೆಗೆ ನಮ್ಮಲ್ಲಿ ಹಡಿಲು ಎನ್ನುತ್ತಾರೆ. ಒಮ್ಮೆ ಹಡಿಲು ಬಿದ್ದ ಗದ್ದೆಯಲ್ಲಿ ಕಳೆ ಬೇರೂರುತ್ತದೆ, ಅಂಚು ಕುಸಿಯುತ್ತದೆ; ಮತ್ತೆ ಅದನ್ನು ಹದಕ್ಕೆ ತರುವುದು ಸುಲಭವಲ್ಲ. ಊರಿನಲ್ಲಿ ಅಂತಹ ಗದ್ದೆಗಳು ಈಗ ಕಡಿಮೆಯೇನಿಲ್ಲ. ಅವುಗಳ ಒಡೆಯರಲ್ಲಿ ಅನೇಕರು ನಮ್ಮಂತೆಯೇ ಪರವೂರುಗಳಲ್ಲಿ ಇರುವವರು. ಆದ್ದರಿಂದ ಅಣ್ಣನ ಮಾತಿಗೆ ಸಿಟ್ಟಾಗುವ ಹಕ್ಕು ನಮಗಿರಲಿಲ್ಲ. ರಜೆ ಹಾಕಿ ಕೊಂಕಣ ರೈಲು ಹತ್ತಿದೆವು.

ಅಣ್ಣನ ಬೇಸರಕ್ಕೆ ಕಾರಣವಿತ್ತು. 2023ರಲ್ಲಿ ಉತ್ಸಾಹದಿಂದ 12 ಗುಂಟೆಯಲ್ಲಿ ತರಕಾರಿ ಹಾಕಿದ್ದರು. ಏಪ್ರಿಲ್ ಮೂರನೆಯ ವಾರಕ್ಕೆ ಬಾವಿಯ ತಳ ಕಂಡಿತು. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೇ ಜೂನ್ 8ಕ್ಕೆ. ಹೂಬಿಟ್ಟ ಬಳ್ಳಿಗಳು ಕಣ್ಣೆದುರಿಗೇ ಬಾಡಿದವು. ಅತ್ತಿಗೆ ಅಡಿಗೆಮನೆಯ ನೀರನ್ನೂ ಕೊಡದಲ್ಲಿ ಹೊತ್ತು ಹಾಕಿದರು. ಅದು ಎಷ್ಟು ಬಳ್ಳಿಗೆ ಸಾಕು? ಅಂದಿನಿಂದ ಪ್ರತಿ ವರ್ಷ ಬಿತ್ತನೆಯ ಹೊತ್ತಿಗೆ ಅಣ್ಣನಿಗೆ ಅಳುಕು.

ನಾವು ಊರು ತಲುಪಿದ ಸಂಜೆ ತೀರಿಹೋದ ಅಪ್ಪಯ್ಯನ ಮಾತು ನೆನಪಿಗೆ ಬಂತು: "ಮೊದ್ಲು ಬಾವಿ ಕಾಣ್, ಮತ್ತೆ ಬೀಜ ಕಾಣ್." ಸರಿ, ಬಾವಿಯನ್ನೇ ಕೇಳಿಬಿಡೋಣವೆಂದು ಹಗ್ಗಕ್ಕೆ ಒಂದೊಂದು ಅಡಿಗೆ ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಸಂಜೆ ಪಂಪಿನಿಂದ ನೀರೆತ್ತಿ ಮಟ್ಟವನ್ನು ತಗ್ಗಿಸಿ, ಗುರುತು ಮಾಡಿದೆವು. ಬೆಳಿಗ್ಗೆ ನೋಡಿದರೆ ಎರಡೂವರೆ ಅಡಿ ಏರಿತ್ತು. ಮೂರು ದಿನ ಹೀಗೆಯೇ ಅಳೆದೆವು, ಲೆಕ್ಕ ಬದಲಾಗಲಿಲ್ಲ.

ನಮ್ಮ ಬಾವಿಯ ಅಗಲ 10 ಅಡಿ. ಅಂತಹ ದುಂಡು ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 2,200 ಲೀಟರು. ಎರಡೂವರೆ ಅಡಿಗೆ 5,500 ಲೀಟರು. ಕೇಳಿದರೆ ಹಿಗ್ಗಬೇಕಾದ ಸಂಖ್ಯೆಯೇ! ಆದರೆ ಇದು ಫೆಬ್ರವರಿಯ ಬಾವಿ. ನಾವು ಬಿತ್ತಬೇಕಾದದ್ದು ಏಪ್ರಿಲ್ ಕೊನೆಯ ಬಾವಿಯನ್ನು ನೆನೆದು. ಆ ಹೊತ್ತಿಗೆ ಒಸರು ಅರ್ಧಕ್ಕಿಳಿಯುತ್ತದೆಂಬುದು ಅಣ್ಣನ ಅನುಭವ. ಅರ್ಧವೆಂದರೆ 2,750 ಲೀಟರು. ಅದರಲ್ಲಿ ಮನೆಗೆ ಮತ್ತು ದನಗಳಿಗೆ 750 ತೆಗೆದಿಟ್ಟರೆ ಗದ್ದೆಗೆ ಉಳಿಯುವುದು ದಿನಕ್ಕೆ 2,000 ಲೀಟರು ಮಾತ್ರ.

ಅತ್ತಿಗೆ ಹಳೆಯ ಪಂಚಾಂಗದ ಹಿಂಬದಿಯಲ್ಲಿ ಅದನ್ನು ಹಂಚಿದರು. ನಮ್ಮ ಮರಳುಮಿಶ್ರಿತ ಮಣ್ಣಿನಲ್ಲಿ ಕಾಯಿ ಹಿಡಿದ ಸೌತೆಯ ಒಂದು ಗುಣಿಗೆ ದಿನಕ್ಕೆ 10 ಲೀಟರಾದರೂ ಬೇಕು. 100 ಗುಣಿಗೆ 1,000. ಬೆಂಡೆ 500 ಗಿಡ, ಗಿಡಕ್ಕೊಂದು ಲೀಟರು. ಅಲಸಂಡೆ 300 ಗಿಡಕ್ಕೆ 300. ಉಳಿದ 200 ಲೀಟರು ಹರಿವೆಯ ಪಾತಿಗೆ. ಒಟ್ಟು ನೆಲ ಲೆಕ್ಕ ಹಾಕಿದರೆ, ಓಡಾಡುವ ದಾರಿಯೂ ಸೇರಿ, ಐದು ಗುಂಟೆ!

"ಐದೇ ಗುಂಟೆಯೆ?" ಎಂದು ಅಣ್ಣ ಮೊದಲು ಮುಖ ಸಣ್ಣದು ಮಾಡಿದರು. ಅತ್ತಿಗೆ ಮಾತ್ರ ನಕ್ಕು, "12 ಗುಂಟೆ ಒಣಗುವುದನ್ನು ಕಂಡ ಕಣ್ಣಿಗೆ ಐದು ಗುಂಟೆ ಹಸಿರು ಸಾಲದೇ?" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಮರುದಿನದಿಂದ ಕೆಲಸ. ಸೌತೆಗೆ ಐದಾರು ಅಡಿಗೊಂದರಂತೆ ಗುಣಿ. ಒಂದೂವರೆ ಅಡಿ ಅಗಲ, ಒಂದು ಅಡಿ ಆಳ. ಅದಕ್ಕೆ ಒಣಗಿದ ಹಟ್ಟಿಗೊಬ್ಬರ, ಸುಡುಮಣ್ಣು, ಮೇಲ್ಮಣ್ಣು ಬೆರೆಸಿ ತುಂಬಿದೆವು. ಬೂದಿಯಲ್ಲಿ ಕಲಸಿ ಒಣಗಿಸಿಟ್ಟಿದ್ದ ಬೀಜವನ್ನು ಅತ್ತಿಗೆ ಗುಣಿಗೆ ನಾಲ್ಕರಂತೆ ಊರಿದರು. ಮೊಳೆತ ಮೇಲೆ ಬಲವಾದ ಎರಡನ್ನಷ್ಟೇ ಉಳಿಸುವುದು. ಬೆಂಡೆಯ ಬೀಜವನ್ನು ರಾತ್ರಿಯಿಡೀ ನೆನೆಹಾಕಿ, ಎರಡು ಅಡಿ ಸಾಲಿನಲ್ಲಿ ಅಡಿಗೊಂದರಂತೆ ಬಿತ್ತಿದೆವು. ಅರ್ಧ ಮನೆಯ ಹಾಲುಬೆಂಡೆ, ಅರ್ಧ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ. ಬಿಳಿನೊಣ ಹರಡುವ ಹಳದಿ ನರದ ರೋಗವನ್ನು ಈ ತಳಿ ತಡೆದುಕೊಳ್ಳುತ್ತದೆ.

ಕೊನೆಯ ಕೆಲಸವೇ ಮುಖ್ಯವಾದದ್ದು. ಹಾಡಿಯಿಂದ ಬುಟ್ಟಿಗಟ್ಟಲೆ ತರಗೆಲೆ ತಂದು, ಸಸಿ ಮೇಲೆದ್ದ ಕೂಡಲೇ ಬುಡಕ್ಕೆ ಹೊದಿಸಲೆಂದು ಬದಿಯಲ್ಲಿ ರಾಶಿ ಹಾಕಿದೆವು. ಮಣ್ಣಿಗೆ ನೇರ ಬಿಸಿಲು ತಾಗದಿದ್ದರೆ ಹಾಕಿದ ನೀರು ಗಾಳಿಯ ಪಾಲಾಗುವುದು ಕಡಿಮೆ. ನೀರು ಹಾಕುವುದೂ ಇಳಿಹೊತ್ತಿನಲ್ಲಿಯೇ. ಉಳಿದ 15 ಗುಂಟೆಯನ್ನು ಉತ್ತು ಬಿಸಿಲಿಗೆ ಬಿಟ್ಟಿದ್ದೇವೆ. ಮುಂಗಾರಿಗೆ ಮುಂಚಿನ ಮಳೆ ಬಿದ್ದೊಡನೆ ಸೆಣಬು ಬಿತ್ತಿ ಹಸಿರುಗೊಬ್ಬರಕ್ಕಾಗಿ ಮಣ್ಣಿಗೆ ಸೇರಿಸುವುದೆಂದು ಮಾತಾಗಿದೆ. ಹಡಿಲು ಎಂಬ ಮಾತು ಈ ವರ್ಷದ ಮಟ್ಟಿಗೆ ಮನೆಯೊಳಗೆ ಬರಲಿಲ್ಲ.

ಪರವೂರಿನಲ್ಲಿರುವ ನಾವು ಊರಿನ ಭೂಮಿಯ ವಿಷಯ ಬಂದಾಗ ಸಾಮಾನ್ಯವಾಗಿ ಎರಡೇ ಮಾತು ಆಡುತ್ತೇವೆ: ಎಲ್ಲವನ್ನೂ ಬೆಳೆಯಬೇಕು, ಇಲ್ಲವೇ ಮಾರಿಬಿಡಬೇಕು. ನಡುವೆ ಒಂದು ದಾರಿ ಇದೆ. ಇರುವ ನೀರಿಗೆ ತಕ್ಕಷ್ಟು ಬೆಳೆಯುವುದು. ಅದಕ್ಕೆ ನಮ್ಮಿಂದ ಬೇಕಾದದ್ದು ಬಹಳ ಹಣವೇನಲ್ಲ. ಬಿತ್ತನೆಯ ವಾರದಲ್ಲಿ ಎರಡು ಕೈ, ಮತ್ತು ಒಂದು ಗಂಟು ಹಾಕಿದ ಹಗ್ಗ.

ಮಾಟುಂಗದ ಅಂಗಡಿಯಲ್ಲಿ ನಮ್ಮ ಕಡೆಯ ಸೌತೆ ಸಿಗದೆ ಇಲ್ಲ. ಆದರೂ ಮೇ ತಿಂಗಳಲ್ಲಿ ಹೋಗಿ ನಾಲ್ಕು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದಡಿ ತೂಗುಹಾಕುವ ಕೆಲಸಕ್ಕೆ ಅತ್ತಿಗೆ ಈಗಲೇ ಕರೆದಿದ್ದಾರೆ. ನಿನ್ನೆ ಫೋನು ಬಂದಿತ್ತು: ಹರಿವೆಯ ಮೊದಲ ಕೊಯ್ಲು ಆಯಿತಂತೆ, ಬಾವಿ ಇನ್ನೂ ಮಾತು ಉಳಿಸಿಕೊಂಡಿದೆಯಂತೆ.