ಗೋದಾಮಿನಲ್ಲಿ ವಿಮಾನ

ಕಳೆದ ದೀಪಾವಳಿಯಲ್ಲಿ ಖಾತೆ-ಕಿರ್ದಿಗಳ ಪೂಜೆ ಮುಗಿದ ಮೇಲೆ ನಮ್ಮ ತಮ್ಮನ ಮಗ, "ದೊಡ್ಡಪ್ಪಾ, ಹಿಂದಿನ ಗೋದಾಮು ನನಗ ಕೊಡ್ರಿ, ವಿಮಾನ ಕಟ್ಟತೀನಿ" ಅಂದ. ನಾವು ನಕ್ಕೆವು. ಅವನ ತಾಯಿ ನಗಲಿಲ್ಲ, ಒಬ್ಬನೇ ಮಗ. ಮಾಡಗ್ಯಾಳ ಕುರಿಗೆ ಹೆಸರಾದ ಊರು. ವಿಮಾನವನ್ನು ಇಲ್ಲಿ ತಲೆಯೆತ್ತಿ ನೋಡಿದ್ದಷ್ಟೇ.

ಹುಡುಗ ನಕ್ಷೆಗಳನ್ನು ಹರವಿ ತೋರಿಸಿದ. ಮ್ಯಾಟ್ರಿಕ್ ಕಲಿತ ನಮಗೂ ತಿಳಿಯುವಂತೆಯೇ ಇತ್ತು. ತಗಡು ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪ. ಆದರೆ ಪಾತ್ರೆಯ ಮೆತ್ತನೆಯ ಅಲ್ಯೂಮಿನಿಯಂ ಅಲ್ಲ; ತಾಮ್ರವನ್ನೋ ಮೆಗ್ನೀಸಿಯಂ, ಸಿಲಿಕಾನ್‌ಗಳನ್ನೋ ಬೆರೆಸಿ ಗಟ್ಟಿ ಮಾಡಿದ್ದು. ಕಟ್ಟಿಗೆಯ ಅಚ್ಚುಗಳ ನಡುವೆ ಅದನ್ನು ಬಿಗಿದು, ಅಂಚನ್ನು ಮೆಲ್ಲಗೆ ಬಡಿದು ಮಡಚಿದರೆ ರೆಕ್ಕೆಯ ಪಕ್ಕೆಲುಬು ಆಗುತ್ತದೆ. ರಿವೆಟ್‌ಗಳು ಸಾವಿರಾರು. ಪ್ರತಿ ರಂಧ್ರದ ಅಂಚನ್ನೂ ನುಣುಪು ಮಾಡಬೇಕು. ಒರಟು ಉಳಿದಲ್ಲಿಂದಲೇ ಬಿರುಕು ಶುರುವಾಗುತ್ತದಂತೆ. ನಮ್ಮ ಧಂದೆಯಲ್ಲಿ ತೂಕ ಹೆಚ್ಚಾದರೆ ಲಾಭ, ಇಲ್ಲಿ ಅದೇ ನಷ್ಟ! ಕೆಲಸ ಸಾವಿರ ಗಂಟೆಗೂ ಮಿಕ್ಕಿದ್ದು.

"ಇದು ನಮ್ಮಂಥವರ ಕೆಲಸ ಅಲ್ಲ" ಎಂದು ತಮ್ಮ ಹೇಳಿದಾಗ ನಮಗೆ ಸೊಲ್ಲಾಪುರದ ವಾಲಚಂದ ಹೀರಾಚಂದರ ನೆನಪಾಯಿತು. ಅವರೂ ನಮ್ಮ ಸಮಾಜದವರೇ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹಾಕಿದರು. ಮರುವರ್ಷ ಅಲ್ಲಿ ಜೋಡಿಸಿದ ಮೊದಲ ವಿಮಾನದ ಹೆಸರು ಹಾರ್ಲೋ, ಲೋಹದ್ದು. ಅದರ ಮೂಲ ಕೇಳಿದರೆ ಆಶ್ಚರ್ಯವಾಗುತ್ತದೆ. ಅಮೇರಿಕದ ಪಸದೀನಾದ ಕಾಲೇಜೊಂದರಲ್ಲಿ ಮ್ಯಾಕ್ಸ್ ಹಾರ್ಲೋ ಎಂಬ ಶಿಕ್ಷಕರು ವಿದ್ಯಾರ್ಥಿಗಳ ಕೈಯಿಂದಲೇ ಕಟ್ಟಿಸಿ, 1937ರಲ್ಲಿ ಹಾರಿಸಿದ ವಿಮಾನದ ಮುಂದಿನ ಮಾದರಿ ಅದು.

ಆದರೆ ಕಟ್ಟಿದ ಮಾತ್ರಕ್ಕೆ ಹಾರುವಂತಿಲ್ಲ. ಮುಂಬಯಿಯ ಕಾಂದಿವಲಿಯಲ್ಲಿ ಪೈಲಟ್ ಅಮೋಲ್ ಯಾದವರು ಮನೆಯ ಮಾಳಿಗೆಯ ಮೇಲೆಯೇ ಆರು ಆಸನಗಳ ವಿಮಾನ ಕಟ್ಟಿದರು. 2016ರಲ್ಲಿ ಜನ ಅದನ್ನು ಪ್ರದರ್ಶನದಲ್ಲಿ ನೋಡಿದರು. ನೋಂದಣಿ ಸಿಕ್ಕದ್ದು 2017ರಲ್ಲಿ, ಹಾರಾಟದ ಅನುಮತಿ 2019ರಲ್ಲಿ. ಇದನ್ನು ಹುಡುಗನಿಗೆ ಮುದ್ದಾಂ ಎರಡು ಸಲ ಹೇಳಿದೆವು. ಅವನಿಗೆ ಗೊತ್ತೇ ಇತ್ತು.

ಮೂರು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಕಡೆಗೆ ಅರ್ಧ ಗೋದಾಮು ಕೊಟ್ಟೆವು. ಮೊದಲು ಬಾಲದ ಚುಕ್ಕಾಣಿ ಒಂದೇ. ಅದು ನೆಟ್ಟಗಾದರೆ ಮುಂದಿನ ತಗಡಿಗೆ ಹಣ. ಕೆಟ್ಟ ರಂಧ್ರವನ್ನೂ ಕಿರ್ದಿಯಲ್ಲಿ ಬರೆಯಬೇಕೆಂದು ಕರಾರು. ಹಾರಿಸುವ ಮಾತು ಅವನ ತಾಯಿ ಒಪ್ಪಿದ ಮೇಲೆ.

ಈವರೆಗೆ ಏಳು ತಗಡು ಕೆಟ್ಟಿವೆ, ಏಳೂ ಬರೆದಿಟ್ಟಿದ್ದಾನೆ. ಮೊನ್ನೆ ಸಂಜೆ ಅವನ ತಾಯಿ ಚಹಾ ಕೊಡಲು ಹೋದವಳು ಅರ್ಧ ತಾಸು ತಗಡು ಹಿಡಿದು ನಿಂತಿದ್ದಳು.