ಮಿಸ್ ಫ್ಯೂರಿ

ಮಿಸ್ ಫ್ಯೂರಿ ಅಮೆರಿಕದ ಪತ್ರಿಕಾ ಚಿತ್ರಕಥೆಯೊಂದರ ಮುಸುಕುಧಾರಿ ನಾಯಕಿ. ಈಕೆಯ ಸೃಷ್ಟಿಕರ್ತೆ ಟಾರ್ಪೆ ಮಿಲ್ಸ್. ಮಹಿಳೆಯೊಬ್ಬರು ಬರೆದು ಚಿತ್ರಿಸಿದ ಮೊದಲ ಪ್ರಮುಖ ಸಾಹಸನಾಯಕಿಯೆಂದು ಈ ಪಾತ್ರವನ್ನು ಪರಿಗಣಿಸಲಾಗುತ್ತದೆ. 1941ರ ಏಪ್ರಿಲ್ 6ರಂದು 'ಬ್ಲ್ಯಾಕ್ ಫ್ಯೂರಿ' ಎಂಬ ಹೆಸರಿನಲ್ಲಿ ಆರಂಭವಾದ ಮಾಲಿಕೆಗೆ ಅದೇ ವರ್ಷ ಈಗಿನ ಹೆಸರು ಬಂದಿತು. ವಂಡರ್ ವುಮನ್ ಕಾಣಿಸಿಕೊಂಡದ್ದು ಇದಾದ ಕೆಲವು ತಿಂಗಳ ಬಳಿಕ.

ಕಥಾವಸ್ತು

ಸಿರಿವಂತ ತರುಣಿ ಮಾರ್ಲಾ ಡ್ರೇಕ್ ವೇಷಭೂಷಣದ ಔತಣಕೂಟಕ್ಕೆ ಹೊರಟಿರುತ್ತಾಳೆ. ತನ್ನಂಥದೇ ಉಡುಪನ್ನು ಮತ್ತೊಬ್ಬಳು ತೊಡಲಿರುವಳೆಂದು ತಿಳಿದು, ಬಂಧುವೊಬ್ಬನಿಂದ ಬಂದ ಕರಿಚಿರತೆಯ ಚರ್ಮವನ್ನು ಧರಿಸುತ್ತಾಳೆ. ಮುಂದೆ ಅದೇ ವೇಷದಲ್ಲಿ ನಾಜಿ ಗೂಢಚಾರರನ್ನು ಎದುರಿಸುತ್ತಾಳೆ.

ಸೃಷ್ಟಿಕರ್ತೆ

ಮಿಲ್ಸ್ ಅವರ ಮೊದಲ ಹೆಸರು ಜೂನ್. ಇಂಥ ಸಾಹಸಕಥೆಯ ಕರ್ತೃ ಹೆಣ್ಣೆಂದು ತಿಳಿದರೆ ಬಾಲಕರಿಗೆ ನಿರಾಸೆಯಾದೀತೆಂದು ಅವರು ಆ ಹೆಸರನ್ನು ಕೈಬಿಟ್ಟಿದ್ದರು. ತಮ್ಮ ಬಿಳಿ ಬೆಕ್ಕು ಪೆರಿ-ಪರ್ ಅನ್ನೂ ಕಥೆಯೊಳಗೆ ತಂದರು.

ಮರೆವು ಮತ್ತು ಪುನರುಜ್ಜೀವನ

1950ರ ದಶಕದ ಆರಂಭದಲ್ಲಿ ಮಾಲಿಕೆ ನಿಂತಿತು. ಕ್ರಮೇಣ ನಾಯಕಿಯೂ ಲೇಖಕಿಯೂ ಜನಮನದಿಂದ ಮರೆಯಾದರು. ಮಿಲ್ಸ್ 1988ರಲ್ಲಿ ನಿಧನರಾದರು. ಚಿತ್ರಕಥೆಗಳ ಇತಿಹಾಸಕಾರ್ತಿ ಟ್ರಿನಾ ರಾಬಿನ್ಸ್ ಸಂಪಾದಿಸಿದ ಸಂಪುಟವು 2011ರಲ್ಲಿ ಹೊರಬಂದು ಹಳೆಯ ಪುಟಗಳನ್ನು ಹೊಸ ಓದುಗರಿಗೆ ತಲುಪಿಸಿತು. 2013ರಲ್ಲಿ ಡೈನಮೈಟ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯು ಈ ನಾಯಕಿಯ ಹೊಸ ಕಥೆಗಳನ್ನು ಪ್ರಕಟಿಸಿತು. 2019ರಲ್ಲಿ ಮಿಲ್ಸ್ ಅವರ ಹೆಸರು ಐಸ್ನರ್ ಗೌರವಪಟ್ಟಿಗೆ ಸೇರಿತು.